ಕಾಣುವುದಿಲ್ಲ ಎಂದು ಹೇಳಲು ಕಲಿಸಿದ್ದು

ಭಾಲ್ಕಿಯ ಹೈಸ್ಕೂಲಿನ ಹೆಡ್‌ಮಾಸ್ಟರರು ನನ್ನನ್ನು ಕರೆಸಿದಾಗ ಬೆಳಗಿನ ರೊಟ್ಟಿ ಇನ್ನೂ ಮುಗಿದಿರಲಿಲ್ಲ. ಹೆಂಚು ಇಳಿಸಿ, ಕೈಗೆ ಮೆತ್ತಿದ ಹಿಟ್ಟು ತೊಳೆದುಕೊಂಡು ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುವುದು ನನ್ನ ಕೆಲಸ. ಮಗಳನ್ನು ಔರಾದಿಗೆ ಕೊಟ್ಟಿದ್ದೇನೆ. ಅವಳ ಹಿರಿಯ ಮಗಳು ಎಂಟನೆಯ ತರಗತಿಯಿಂದ ನನ್ನ ಹತ್ತಿರ ಇದ್ದು ಓದುತ್ತಿದ್ದಳು. ಆಗ ಒಂಬತ್ತನೆಯದರಲ್ಲಿದ್ದಳು.

ಹೆಡ್‌ಮಾಸ್ಟರರು ಅವಳ ಪರೀಕ್ಷೆಯ ಪೇಪರುಗಳನ್ನು ಮೇಜಿನ ಮೇಲೆ ಹರಡಿ ಕೂತಿದ್ದರು. ನನಗೆ ಕುರ್ಚಿ ತೋರಿಸಿದರು. ಕುರ್ಚಿ ತೋರಿಸಿದರೆಂದರೆ ಸುದ್ದಿ ಒಳ್ಳೆಯದಲ್ಲ ಎಂದುಕೊಂಡೆ.

“ನೋಡ್ರಿ ಅಮ್ಮ, ಹುಡುಗಿ ಶಾಣ್ಯಾಕಿ ಅಂತ ನಾವೂ ತಿಳ್ಕೊಂಡಿದ್ವಿ. ಬಾಯಿಲೆ ಕೇಳಿದ್ರ ಪಟಪಟ ಹೇಳ್ತಾಳ. ಪೇಪರಿನ್ಯಾಗ ನೋಡಿದ್ರ ಏನೂ ಇಲ್ಲ. ಬೋರ್ಡಿನ ಮ್ಯಾಲಿಂದು ಬರಕೊಳ್ಳಂಗಿಲ್ಲ, ನೋಟ್‌ಬುಕ್ ಅರ್ಧ ಖಾಲಿ. ಮುಂದಿನ ವರ್ಷ ಹತ್ತನೇದು. ಸಾಲಿ ರಿಸಲ್ಟ್ ಕಡಿಮಿ ಆದ್ರ ಮ್ಯಾಲಿನವ್ರು ನನ್ನ ಕೇಳ್ತಾರ. ಈ ವರ್ಷ ಮುಗಿದ ಮ್ಯಾಲೆ ಟಿ.ಸಿ. ತಗೊಂಡ್ರ ಛಲೋ ಆಗ್ತದ.”

“ಟಿ.ಸಿ. ತಗೊಂಡು ಎಲ್ಲಿಗಿ ಒಯ್ಲಿರಿ?”

“ಔರಾದಿಗಿ. ಅವರಪ್ಪ ಅವ್ವ ಅಲ್ಲೇ ಇದ್ದಾರಲ್ಲ.”

ಔರಾದಿಗೆ ಹೋದರೆ ಅವಳ ಓದು ಅಲ್ಲಿಗೆ ಮುಗಿಯಿತು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಸಣ್ಣವು ಎರಡಿವೆ. ಮಗಳು ದಿನವಿಡೀ ಹೊಲಿಗೆ ಮಶೀನಿನ ಮುಂದೆ ಕೂಡುತ್ತಾಳೆ. ಇಂಥ ಮನೆಗೆ ಕೈಗೆ ಬಂದ ಹುಡುಗಿ ವಾಪಸು ಬಂದರೆ ಅವಳನ್ನು ಮತ್ತೆ ಶಾಲೆಗೆ ಯಾರು ಕಳಿಸುತ್ತಾರೆ? ನನ್ನನ್ನೂ ಹಾಗೆಯೇ ನಾಲ್ಕನೆಯ ತರಗತಿಗೆ ಬಿಡಿಸಿದ್ದರು. ಯಾರೂ ಬೈದು ಬಿಡಿಸಲಿಲ್ಲ. ಒಂದು ದಿನ ಕೂಸನ್ನು ಎತ್ತಿಕೋ ಎಂದರು, ಎತ್ತಿಕೊಂಡೆ, ಅಷ್ಟೇ.

ಹೊರಗೆ ಬರುವಾಗ ಗಣಿತದ ಮೇಡಂ ನನ್ನ ಹಿಂದೆಯೇ ವರಾಂಡಕ್ಕೆ ಬಂದರು. ಅವರ ಕೈಯಲ್ಲಿ ಅವಳ ಗಣಿತದ ಪೇಪರಿತ್ತು.

“ಒಂದು ಮಿನಿಟ್ ನಿಲ್ರಿ ಅಮ್ಮ. ಇದು ನೋಡ್ರಿ. ನಾ ಕೊಟ್ಟಿದ್ದು ಮೂವತ್ತಾರು. ಆಕಿ ಎಂಬತ್ತಾರು ಅಂತ ಬರಕೊಂಡಾಳ. ನನ್ನ ಲೆಕ್ಕಕ್ಕ ಉತ್ತರ ತಪ್ಪು, ಆಕಿ ಬರಕೊಂಡ ಲೆಕ್ಕಕ್ಕ ಉತ್ತರ ಬರೋಬ್ಬರಿ ಅದ. ಇಂಥಾವು ಇನ್ನೂ ಅವ. ಆಕಿಗಿ ಕಣ್ಣಿಂದೇನರ ತ್ರಾಸ ಅದೇನ್ರಿ?”

“ಇಲ್ರಿ ಮೇಡಂ. ಹ್ವಾದ ವರ್ಷ ಸಾಲ್ಯಾಗ ಕಣ್ಣಿನ ಕ್ಯಾಂಪ್ ಆಗಿತ್ತಲ್ಲ, ಅದ್ರಾಗ ಪಾಸ್ ಆಗ್ಯಾಳ.”

ಮೇಡಂ ನಕ್ಕರು. “ಆದ್ರೂ ಒಮ್ಮಿ ತೋರಸ್ರಿ.”

ಸಂಜೆ ಮೊಮ್ಮಗಳು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೊರದಲ್ಲಿ ಬೆರಳು ಆಡಿಸಿ ಹರಳು ತೆಗೆಯುತ್ತಿದ್ದಳು, ಕಣ್ಣು ಮಾತ್ರ ಗೋಡೆಯ ಮೇಲಿತ್ತು. ಅದನ್ನು ನಾನು ದಿನವೂ ನೋಡುತ್ತಿದ್ದೆ, ಆದರೆ ಮನಸ್ಸಿಟ್ಟು ನೋಡಿದ್ದು ಅಂದೇ.

“ಏ ಹುಡುಗಿ, ನಿನಗ ಕಣ್ಣ ಕಾಣ್ತಾವೋ ಇಲ್ಲೋ?”

“ಕಾಣ್ತಾವ. ಜರಾ ಮಬ್ಬ.”

“ಜರಾ ಅಂದ್ರ ಎಷ್ಟು?”

“ಜರಾ ಅಂದ್ರ ಜರಾ, ಆಯಿ. ಅದನ್ನೇನ ತಕ್ಕಡ್ಯಾಗ ತೂಗಿ ಹೇಳ್ಲಿ?”

ಮರುದಿನ ಪೇಟೆಯ ಚಸ್ಮಾದ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಗಾಜು ಹಾಕುತ್ತ, ತೆಗೆಯುತ್ತ, “ಈಗ ಛಲೋ ಕಾಣ್ತದ?” ಎನ್ನುತ್ತಿದ್ದ. ಅವಳು ಪ್ರತಿ ಗಾಜಿಗೂ ಛಲೋ ಕಾಣ್ತದ ಎಂದಳು. ಒಂದು ಚಸ್ಮಾ ಕೊಟ್ಟ. ಅದನ್ನು ಹಾಕಿಕೊಂಡೇ ಮನೆಯ ಹೊಸ್ತಿಲು ಎಡವಿದಳು. ಹಾಗಾದರೆ ನಂಬರು ಸರಿಯಿಲ್ಲ, ಬೀದರಿನ ಸರಕಾರಿ ದವಾಖಾನೆಗೆ ಹೋಗಿ ನಂಬರು ಸರಿ ಮಾಡಿಸಿಕೊಂಡು ಬಂದರಾಯಿತು ಎಂದುಕೊಂಡೆ.

ಪ್ರತಿ ಇತವಾರ ಚರ್ಚಿಗೆ ಹಾಕುವ ಚೂಡಿದಾರ ಹಾಕಿಸಿದೆ. ಎಣ್ಣೆ ಹಚ್ಚಿ ಎರಡು ಜಡೆ ಬಿಗಿಯಾಗಿ ಹೆಣೆದೆ. ಬಸ್ಸಿನಲ್ಲಿ ಅವಳಿಗೆ ಬುದ್ಧಿ ಹೇಳಿದೆ.

“ಡಾಕ್ಟರ ಮುಂದ ಬಾಯಾಗ ಗೊಣಗೊಣ ಮಾಡಬ್ಯಾಡ. ಓದು ಅಂದ್ರ ಗಟ್ಟಿ ಓದು. ನಮ್ಮ ಮಾನ ತೆಗೀಬ್ಯಾಡ.”

ಅವಳು ಕಿಟಕಿಯ ಕಡೆ ತಿರುಗಿ ಹೂಂ ಎಂದಳು.

ಆ ದವಾಖಾನೆಯಲ್ಲಿ ಕಣ್ಣಿನ ಕೋಣೆಯೊಳಗೇ ಒಂದು ಉದ್ದ ಬೆಂಚಿದೆ. ಪಾಳಿಯವರೆಲ್ಲ ಅದರ ಮೇಲೆ ಕೂಡಬೇಕು. ಎದುರಿನ ಗೋಡೆಗೆ ಅಕ್ಷರದ ಹಲಗೆ. ಮೇಲೆ ದೊಡ್ಡ ಅಕ್ಷರ, ಕೆಳಗೆ ಬರುತ್ತಾ ಇರುವೆಯಷ್ಟು. ಒಬ್ಬೊಬ್ಬರೇ ಎದ್ದು ನಿಂತು ಒಂದು ಕಣ್ಣು ಮುಚ್ಚಿ ಗಟ್ಟಿಯಾಗಿ ಓದುತ್ತಿದ್ದರು. ನಮ್ಮ ಪಾಳಿ ಬರುವಷ್ಟರಲ್ಲಿ ಬಹಳ ಮಂದಿ ಓದಿ ಹೋದರು. ಇವಳು ಎದ್ದು ನಿಂತು ಎಡಗಣ್ಣಿನಿಂದ ಒಮ್ಮೆ, ಬಲಗಣ್ಣಿನಿಂದ ಒಮ್ಮೆ, ಕೆಳಗಿನ ಸಾಲಿನತನಕ ಎಲ್ಲಿಯೂ ತಡೆಯದೆ ಓದಿದಳು. ನನಗೆ ಎದೆ ಉಬ್ಬಿತು. ಪಕ್ಕದ ಮುದುಕನಿಗೆ “ನನ್ನ ಮೊಮ್ಮಗಳು” ಎಂದೂ ಹೇಳಿಬಿಟ್ಟೆ.

ಅಲ್ಲಿಯ ಸಹಾಯಕ ಚೀಟಿ ಬರೆದುಕೊಟ್ಟ. “ಕಣ್ಣು ಛಲೋ ಅವ ಅಮ್ಮ. ಓದ್ಲಾಕ ಬ್ಯಾಸರ ಇರಬೇಕು. ಮೊಬೈಲ್ ಕಡಿಮಿ ಮಾಡ್ಸ್ರಿ.”

“ನಮ್ಮ ಮನ್ಯಾಗಿಂದು ಗುಂಡಿ ಒತ್ತೋ ಮೊಬೈಲ್ ಅದಪ್ಪ. ಅದ್ರಾಗ ಏನ್ ನೋಡ್ತಾಳ?” ಎಂದೆ. ಅವನು ಆಗಲೇ ಮುಂದಿನವರನ್ನು ಕರೆದಿದ್ದ.

ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಪೇರಲಹಣ್ಣು ಕೊಡಿಸಿದೆ. ತಿನ್ನಲಿಲ್ಲ. ಬಸ್ಸು ಊರು ದಾಟಿದ ಮೇಲೆ, “ಆಯಿ, ನಾ ಓದಿಲ್ಲ” ಎಂದಳು.

“ಮತ್ತ ಯಾರ ಓದಿದ್ರು, ಕಂಡಕ್ಟರ್?”

“ನಮ್ಮ ಮುಂದಿನವ್ರು. ಅವ್ರು ಓದಿದ್ದು ಕೇಳಿ ಹೇಳಿದೆ. ಸಾಲಿ ಕ್ಯಾಂಪಿನ್ಯಾಗೂ ಹಂಗೇ ಹೇಳಿದ್ದೆ.”

ಆಮೇಲೆ ಒಂದೊಂದೇ ಹೊರಗೆ ಬಂತು. ನೆಟ್ಟಗೆ ನೋಡಿದರೆ ಅವಳಿಗೆ ಎದುರಿನದರ ನಡುಭಾಗವೇ ಕಾಣುವುದಿಲ್ಲ. ಒದ್ದೆ ಬೆರಳಿನಿಂದ ಒರೆಸಿದಂತೆ ಇರುತ್ತದೆ. ಸುತ್ತಲಿನದು ಕಾಣುತ್ತದೆ. ನನ್ನ ಸೀರೆ ಕಾಣುತ್ತದೆ, ಮುಖ ಕಾಣುವುದಿಲ್ಲ. ಅದಕ್ಕೇ ಕತ್ತು ವಾರೆ ಮಾಡಿ ನೋಡುತ್ತಿದ್ದಳು, ಹಾಗೆ ನೋಡಬೇಡ ಎಂದು ನಾನು ತಲೆಗೆ ಮೊಟಕುತ್ತಿದ್ದೆ. ಚರ್ಚಿನಲ್ಲಿ ಕೀರ್ತನೆ ಓದುವ ಪಾಳಿ ಬಂದರೆ ಪುಸ್ತಕ ಮುಖದ ಮುಂದೆ ಹಿಡಿದುಕೊಂಡು, ಗೆಳತಿಯಿಂದ ಮೊದಲೇ ಓದಿಸಿಕೊಂಡು ಬಾಯಿಪಾಠ ಮಾಡಿದ್ದನ್ನು ಹೇಳುತ್ತಿದ್ದಳು. ಎಲ್ಲರೂ ಎಷ್ಟು ಛಂದ ಓದುತ್ತಾಳೆ ಎನ್ನುತ್ತಿದ್ದರು. ನಾನೂ ಎನ್ನುತ್ತಿದ್ದೆ.

“ಕಾಣಂಗಿಲ್ಲ ಅಂತ ಹೇಳ್ಲಾಕ ಏನ್ ಧಾಡಿ ಬಂದಿತ್ತು ನಿನಗ?”

“ನೀನೇ ಅಂದಿಲ್ಲ, ಗಟ್ಟಿ ಓದು, ಮಾನ ತೆಗೀಬ್ಯಾಡಂತ.”

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ಇದು. ಬೇರೆಯವರ ಮನೆಗೆ ಹೋದಾಗ ಉಂಡಿಯೇನು ಎಂದರೆ ಹೊಟ್ಟೆ ಹಸಿದಿದ್ದರೂ ಉಂಡೀನ್ರಿ ಎನ್ನಬೇಕು. ದೊಡ್ಡವರು ತಿಳೀತೇನು ಎಂದರೆ ತಿಳೀತ್ರಿ ಎನ್ನಬೇಕು. ಇಲ್ಲ ಎನ್ನುವ ಮಾತು ಬಾಯಿಂದ ಬಂದರೆ ತಾಯಿ ತೊಡೆಗೆ ಚಿವುಟುತ್ತಾಳೆ. ಈ ಹುಡುಗಿಗೆ ಆ ಪಾಠ ಬಹಳ ಚೆನ್ನಾಗಿ ಹತ್ತಿತ್ತು. ಪರೀಕ್ಷೆ ಎಂದರೆ ಪಾಸಾಗಬೇಕಾದದ್ದು ಎಂದು ಅವಳೂ ತಿಳಿದಿದ್ದಳು, ನಾನೂ ತಿಳಿದಿದ್ದೆ.

ಮನೆಗೆ ಬಂದು ರೊಟ್ಟಿಗೆ ಹಿಟ್ಟು ಕಲಸುವಾಗ ನಿರ್ಧಾರ ಮಾಡಿದೆ. ಇನ್ನೊಮ್ಮೆ ಬೀದರಿಗೆ ಹೋಗುವುದು. ಅದಕ್ಕೆ ಮೊದಲು ಇವಳಿಗೆ ಇಲ್ಲ ಎನ್ನುವುದನ್ನು ಕಲಿಸುವುದು.

ಅದು ರೊಟ್ಟಿ ಬಡಿಯುವುದಕ್ಕಿಂತ ಕಷ್ಟದ ಕೆಲಸವಾಯಿತು. ನಾನು ಒಲೆಯ ಮುಂದೆ ಕೂತು ಒಂದೊಂದು ಸಾಮಾನು ಎತ್ತಿ ಹಿಡಿಯುತ್ತಿದ್ದೆ. ಅವಳು ಬಾಗಿಲ ಹತ್ತಿರ ನಿಲ್ಲುತ್ತಿದ್ದಳು.

“ಇದೇನು?”

“ಸೌಟು.”

“ಕಂಡು ಹೇಳಿದ್ಯೋ, ಸಪ್ಪಳ ಕೇಳಿ ಹೇಳಿದ್ಯೋ?”

“…ಸಪ್ಪಳ.”

“ಹಂಗಾದ್ರ ಏನನ್ನಬೇಕು?”

“ಕಾಣಂಗಿಲ್ಲ.”

“ನನಗ ಕೇಳಂಗಿಲ್ಲ. ಗಟ್ಟಿ ಅನ್ನು.”

“ಕಾಣಂಗಿಲ್ಲ!”

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ತಲೆ ಹಾಕಿದಳು. “ಏನ್ ಕಾಣಂಗಿಲ್ರಿ ಅಕ್ಕ, ಏನರ ಕಳದದೇನು?”

“ಏನೂ ಕಳದಿಲ್ಲ. ಸಾಲಿ ಪಾಠ ಮಾಡ್ಲತ್ತೀವಿ,” ಎಂದೆ. ಮೊಮ್ಮಗಳು ಬಾಗಿಲಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅದೇ ಅವಳಿಗೆ ಆಟವಾಯಿತು. ನೀರು ತಾ ಎಂದರೆ ಕೊಡ ಕಾಣಂಗಿಲ್ಲ, ಕಸ ಹೊಡಿ ಎಂದರೆ ಕಸ ಕಾಣಂಗಿಲ್ಲ. “ಬೆನ್ನಿಗೊಂದು ಬಿದ್ರ ಎಲ್ಲಾ ಕಾಣ್ತದ ನೋಡು, ಕತ್ತಿಮರಿ,” ಎಂದು ನಾನೂ ಅನ್ನುತ್ತಿದ್ದೆ.

ಎರಡನೆಯ ಸಲ ಬೀದರಿಗೆ ಹೋದಾಗ ಅವಳನ್ನು ಬೆಂಚಿನ ಮೇಲೆ ಕೂಡಿಸಲಿಲ್ಲ. ಹೊರಗೆ ಮೆಟ್ಟಿಲ ಹತ್ತಿರ ಕೂಡಿಸಿ, ಪಾಳಿ ಬಂದಾಗ ಕರೆದೆ. ಸಹಾಯಕ ಸಿಡುಕಿದ.

“ಒಳಗ ಕೂಡ್ರಿ ಅಂದ್ರ ಕೂಡಂಗಿಲ್ಲ, ನಿಮಗೇನ್ ಬ್ಯಾರೆ ಕಾಯ್ದೆ ಅದೇನು?”

“ಸಿಟ್ಟಾಗಬ್ಯಾಡಪ್ಪ. ಈಕಿ ಕಿವಿಲೆ ಓದ್ತಾಳ. ಬ್ಯಾರೆ ಹಲಗಿ ಇದ್ರ ಹಾಕು.”

ಅವನು ನನ್ನ ಮುಖ ನೋಡಿದ. ಏನೋ ಅನ್ನಿಸಿರಬೇಕು, ಹಲಗೆಯನ್ನು ತಿರುಗಿಸಿದ. ಹಿಂದೆ ಬೇರೆ ಅಕ್ಷರಗಳಿದ್ದವು. ಮೊಮ್ಮಗಳು ಮೇಲಿನ ಒಂದು ದೊಡ್ಡ ಅಕ್ಷರ ಹೇಳಿದಳು. ಅದರ ಕೆಳಗಿನದಕ್ಕೆ ಕತ್ತು ಹೊರಳಿಸಿ ಬಹಳ ಹೊತ್ತು ನೋಡಿದಳು. ಅವಳು ಏನೋ ಒಂದು ಅಂದಾಜಿನಲ್ಲಿ ಹೇಳಿಬಿಡುತ್ತಾಳೆ ಎಂದು ನನಗೆ ಹೆದರಿಕೆ.

“ಕಾಣಂಗಿಲ್ರಿ,” ಎಂದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಅಂದು ಕಣ್ಣಿಗೆ ಔಷಧ ಹಾಕಿ, ಪಾಪೆ ದೊಡ್ಡದಾದ ಮೇಲೆ ಡಾಕ್ಟರಮ್ಮ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪರದೆಯ ನಡುವಿನ ಜಾಗ ಸವೆದಿದೆ ಎಂದರು. ಬೆಳೆಯುವ ವಯಸ್ಸಿನ ಕೆಲವು ಮಕ್ಕಳಿಗೆ ಬರುತ್ತದಂತೆ, ಹುಟ್ಟಿನಿಂದಲೇ ರಕ್ತದಲ್ಲಿರುವುದಂತೆ.

“ಚಸ್ಮಾದಿಂದ ಹೋಗಂಗಿಲ್ಲೇನ್ರಿ?”

“ಹೋಗಂಗಿಲ್ಲ ಅಮ್ಮ.”

“ಆಪರೇಶನ್?”

“ಇಲ್ಲ. ಆದ್ರ ಪೂರಾ ಕತ್ತಲಿ ಆಗ್ತದ ಅಂತ ಅಂಜಬ್ಯಾಡ್ರಿ. ಸುತ್ತಿನ ನೋಟ ಇಂಥವ್ರಿಗಿ ಬಹಳ ಮಾಡಿ ಉಳೀತದ. ವಾರೆ ಮಾಡಿ ನೋಡಿದ್ರ ಬೈಬ್ಯಾಡ್ರಿ, ಆಕಿಗಿ ಅದೇ ನೆಟ್ಟಗ ನೋಡೋದು. ದೊಡ್ಡ ಅಕ್ಷರ ಕೊಡ್ರಿ, ಟೈಮ್ ಜಾಸ್ತಿ ಕೊಡ್ರಿ, ಓದ್ತಾಳ.”

ಅವರೇ ಹೇಳಿದಂತೆ ಹೈದರಾಬಾದಿಗೂ ಒಮ್ಮೆ ಒಯ್ದು ತೋರಿಸಿದೆವು. ಅಲ್ಲಿ ದೊಡ್ಡ ಮಶೀನಿನಲ್ಲಿ ಫೋಟೋ ತೆಗೆದು ಅದೇ ಮಾತು ಹೇಳಿದರು. ಇನ್ನು ಅಳುವುದಕ್ಕೆ ಪುರಸೊತ್ತಿರಲಿಲ್ಲ. ಶಾಲೆಯಲ್ಲಿ ದೊಡ್ಡ ಅಕ್ಷರ ಮತ್ತು ಹೆಚ್ಚಿನ ಟೈಮು ಕೇಳಬೇಕಾದರೆ ಅಂಗವಿಕಲರ ಸರ್ಟಿಫಿಕೇಟು ಬೇಕು. ಅದಕ್ಕೆ ತಂದೆತಾಯಿಯ ಸಹಿ, ಆಧಾರ್ ಬೇಕು. ಔರಾದಿಗೆ ಹೋದೆ.

ಮಗಳು ಹೊಲಿಗೆ ಮಶೀನು ನಿಲ್ಲಿಸಲಿಲ್ಲ. ಕಾಲು ಆಡಿಸುತ್ತಲೇ, “ಸರ್ಟಿಫಿಕೇಟ್ ಬ್ಯಾಡವ್ವ,” ಎಂದಳು. “ಕಾರ್ಡ್ ಮಾಡ್ಸಿದ್ರ ಊರಿಗೆಲ್ಲ ಗೊತ್ತಾಗ್ತದ. ನಾಳಿ ಆಕೀನ ಯಾರ್ ಕೇಳ್ಕೊಂಡು ಬರ್ತಾರ?”

“ಮೊದಲ ಸಾಲ್ಯಾಗ ಆಕಿ ಹೆಸರು ಕೇಳ್ಲಿ. ಮನಿಗಿ ಕೇಳ್ಲಾಕ ಬರೋವ್ರು ಆಮ್ಯಾಲೆ ಬರ್ಲಿ.”

“ನಿನಗೇನ್ ಹೇಳ್ಲಾಕ. ಆಕೀನ ಇಲ್ಲಿಗೇ ಕಳಿಸಿಬಿಡು. ನನ್ನ ಕಣ್ಣ ಮುಂದ ಇರ್ತಾಳ.”

“ನಿನ್ನ ಕಣ್ಣ ಮುಂದ ಇದ್ದು ಏನ್ ಮಾಡ್ಬೇಕು? ಗುಂಡಿ ಹಚ್ಚಬೇಕು? ಸೂಜ್ಯಾಗ ದಾರ ಹಾಕ್ಲಾಕ ಬರಂಗಿಲ್ಲ ಆಕಿಗಿ. ಓದ್ಲಾಕ ಬರ್ತದ. ಬರೋ ಕೆಲಸ ಬಿಡಿಸಿ ಬರದಿದ್ದ ಕೆಲಸಕ್ಕ ಹಚ್ತಿಯೇನು?”

ಮಶೀನು ನಿಂತಿತು. ಮಗಳು ಅತ್ತಳು. ನಾನು ಸಮಾಧಾನ ಮಾಡಲಿಲ್ಲ, ಅತ್ತು ಮುಗಿಸಲಿ ಎಂದು ಬಿಟ್ಟೆ. ಅಳಿಯ ಟೆಂಪೊ ಓಡಿಸುವವನು, ಮಾತು ಕಡಿಮೆ. ಊಟ ಮಾಡಿ ಕೈ ತೊಳೆದುಕೊಂಡು ಬಂದು ತನ್ನ ಆಧಾರ್ ಕಾರ್ಡನ್ನು ನನ್ನ ಚೀಲದಲ್ಲಿ ಇಟ್ಟ. “ಸಹಿ ಎಲ್ಲಿ ಮಾಡ್ಲಿ ತೋರಸ್ರಿ ಅತ್ತಿ,” ಎಂದ. ಅಷ್ಟೇ. ಅವನ ಮೇಲೆ ನನಗೆ ಅಂದಿನಿಂದ ಒಂದು ಗೌರವ.

ಸರ್ಟಿಫಿಕೇಟು ಬರುವುದಕ್ಕೆ ಬೀದರಿಗೆ ಮತ್ತೆ ಮತ್ತೆ ಅಲೆದೆವು. ಒಮ್ಮೆ ಡಾಕ್ಟರು ರಜೆ, ಒಮ್ಮೆ ಕಂಪ್ಯೂಟರಿನಲ್ಲಿ ಅವಳ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಕೂತಿತ್ತು, ಅದನ್ನು ತೆಗೆಸಿ ಸರಿ ಮಾಡಿಸಲು ಇನ್ನೊಮ್ಮೆ. ಕೊನೆಗೆ ಕೈಗೆ ಬಂದಾಗ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೆಡ್‌ಮಾಸ್ಟರರ ಮೇಜಿನ ಮೇಲಿಟ್ಟೆ.

ಅವರು ಕೆಟ್ಟ ಮನುಷ್ಯರಲ್ಲ. ಓದಿದರು, ಮುಖ ಸಣ್ಣದಾಯಿತು. ಆಮೇಲೆ, “ಹಂಗಾದ್ರ ಅಂಧ ಮಕ್ಕಳ ಸಾಲಿಗಿ ಹಾಕ್ರಿ ಅಮ್ಮ. ಊಟ, ವಸತಿ ಎಲ್ಲಾ ಅಲ್ಲೇ,” ಎಂದರು.

“ಆಕಿ ಅಂಧ ಅಲ್ರಿ. ದೊಡ್ಡದಿದ್ರ ಕಾಣ್ತದ. ಪ್ರಶ್ನೆ ಪತ್ರಿಕಿ ದೊಡ್ಡ ಅಕ್ಷರದಾಗ ಕೊಡ್ರಿ, ಟೈಮ್ ಜಾಸ್ತಿ ಕೊಡ್ರಿ, ಬೋರ್ಡಿನ ಮ್ಯಾಲೆ ಬರೆಯೋದು ಬಾಯಿಲೆ ಹೇಳ್ಕೋತ ಬರೀರಿ. ಇಷ್ಟೇ ಕೇಳ್ತೇನಿ.”

“ಒಬ್ಬಾಕಿಗೇ ಹಂಗ ಮಾಡ್ಲಾಕ ಬರಂಗಿಲ್ಲ. ಎಲ್ಲಾ ಮಕ್ಕಳಿಗೂ ಒಂದೇ.”

ನನಗೆ ಸಿಟ್ಟು ಬಂತು. “ಒಂದೇ ಅಂತೀರಿ. ನೀವು ಚಸ್ಮಾ ತೆಗದು ಇದ್ರ ಮ್ಯಾಲೆ ಸಹಿ ಮಾಡಿ ತೋರಸ್ರಿ ನೋಡೋಣ.”

ಹೆಡ್‌ಮಾಸ್ಟರರು ಚಸ್ಮಾ ತೆಗೆದು ಮೇಜಿನ ಮೇಲಿಟ್ಟು, ಎದುರಿಗಿದ್ದ ಯಾವುದೋ ಕಾಗದಕ್ಕೆ ಗೆರೆ ತಪ್ಪದಂತೆ ಸಹಿ ಮಾಡಿದರು. “ಇದು ದೂರದ ಚಸ್ಮಾ ಅಮ್ಮ. ಹತ್ರಿಂದು ನನಗ ಛಲೋ ಕಾಣ್ತದ,” ಎಂದರು. ಮೂಲೆಯಲ್ಲಿದ್ದ ಗಣಿತದ ಮೇಡಂ ಬಾಯಿಗೆ ಸೆರಗು ಹಿಡಿದರು. ನನಗೂ ನಗೆ ತಡೆಯಲಾಗಲಿಲ್ಲ. ಹೆಡ್‌ಮಾಸ್ಟರರೂ ನಕ್ಕರು. ನಗುವಿನ ನಂತರ ಮಾತು ಸ್ವಲ್ಪ ಮೆತ್ತಗಾಯಿತು. ಇಂಥ ಮಕ್ಕಳಿಗೆಂದೇ ತಾಲೂಕಿನ ಶಿಕ್ಷಣ ಕಚೇರಿಯಲ್ಲಿ ಒಬ್ಬ ವಿಶೇಷ ಶಿಕ್ಷಕರಿದ್ದಾರೆ, ಅವರನ್ನು ಕರೆಸಿ ಕೇಳೋಣ ಎಂದು ಮೇಡಂ ಹೇಳಿದರು. ಹೆಡ್‌ಮಾಸ್ಟರರು ಫೋನು ಮಾಡಿದರು.

ಆ ವಿಶೇಷ ಶಿಕ್ಷಕರು ಮೋಟಾರ್ ಸೈಕಲ್ ಮೇಲೆ ಬಂದರು. ಬ್ಯಾಗಿನಲ್ಲಿ ಬೇರೆ ಬೇರೆ ಭೂತಗನ್ನಡಿ, ಬೇರೆ ಬೇರೆ ಅಳತೆಯ ಅಕ್ಷರದ ಕಾಗದ. ಮೊದಲು ಅವಳನ್ನು ಬೋರ್ಡಿನ ನೇರ ಎದುರಿಗೆ ಕೂಡಿಸಿದರು, ಆಮೇಲೆ ಎಡಕ್ಕೆ, ಆಮೇಲೆ ಬಲಕ್ಕೆ. ಕಿಟಕಿಯ ಬೆಳಕು ಕಣ್ಣಿಗೆ ಬಿದ್ದರೆ ಅವಳಿಗೆ ಇನ್ನೂ ಕಡಿಮೆ ಕಾಣುತ್ತದೆ ಎಂದು ಅಂದು ಗೊತ್ತಾಯಿತು. ಮೊದಲ ಸಾಲು, ಕಿಟಕಿಗೆ ಬೆನ್ನಾಗುವ ಮೂಲೆ ಅವಳ ಜಾಗವೆಂದು ಗುರುತು ಮಾಡಿದರು. ತೆಳು ನೀಲಿ ಗೆರೆಯ ನೋಟ್‌ಬುಕ್ ಬೇಡ, ದಪ್ಪ ಗೆರೆ ಎಳೆದುಕೊಡಿ, ದಪ್ಪ ಕರಿ ಪೆನ್ನು ಕೊಡಿ ಎಂದರು.

ಪರೀಕ್ಷೆಯ ಮಾತು ಬಂದಾಗ ಹೆಡ್‌ಮಾಸ್ಟರರು, “ಬರೆಯೋವ್ರನ್ನ ಕೊಡ್ಲಾಕ ಬರ್ತದಲ್ಲ ಸರ್? ಎಂಟನೇ ಕ್ಲಾಸಿನ ಹುಡುಗೀನ ಕೂಡಿಸ್ತೀವಿ. ಈಕಿ ಹೇಳ್ತಾಳ, ಆಕಿ ಬರೀತಾಳ. ಸಸಾರ ಆಗ್ತದ,” ಎಂದರು.

ನನಗೂ ಅದು ಸರಿ ಎನಿಸಿತು. ಕೆಲಸ ಹಗುರ. ಆಗಲಿ ಎನ್ನುವಷ್ಟರಲ್ಲಿ ಮೊಮ್ಮಗಳು ಎದ್ದು ನಿಂತಳು.

“ನನಗ ಬ್ಯಾಡ್ರಿ ಸರ್.”

“ಯಾಕವ್ವ?”

“ಲೆಕ್ಕ ನನಗ ಕೈಯಾಗ ಬರ್ತದ್ರಿ. ಬಾಯಾಗ ಬರಂಗಿಲ್ಲ. ಬರಕೋತ ಹೋದ್ರ ಮುಂದಿಂದು ಹೊಳೀತದ.”

“ಏ, ದೊಡ್ಡವ್ರು ಕೊಡ್ಲತ್ತಾರ, ಬ್ಯಾಡ ಅಂತಾರೇನ?” ಎಂದು ನಾನು ಕಣ್ಣು ಬಿಟ್ಟೆ. ನನ್ನ ಕಣ್ಣು ಅವಳಿಗೆ ಕಾಣುವುದಿಲ್ಲ ಎಂಬುದು ಮರೆತಿತ್ತು.

“ನೀನೇ ಕಲಿಸಿದಿಲ್ಲ ಆಯಿ, ಇಲ್ಲ ಅನ್ಲಾಕ?”

ರೊಟ್ಟಿ ಬಡಿಯುವುದು ಹೇಗೆಂದು ಬಾಯಿಂದ ಹೇಳು ಎಂದರೆ ನನಗೂ ಬರುವುದಿಲ್ಲ. ಕೈ ಹೋದ ಕಡೆ ಹಿಟ್ಟು ಹೋಗುತ್ತದೆ, ಅಷ್ಟೇ ಗೊತ್ತು. ಅವಳ ಮಾತು ನನಗೆ ಆಗ ತಿಳಿಯಿತು. “ಬರೆಯೋವ್ರು ಬ್ಯಾಡ್ರಿ ಸರ್,” ಎಂದೆ. “ಆಕೀನೇ ಬರೀಲಿ. ಪೇಪರ್ ದೊಡ್ಡದು ಮಾಡಿ ಕೊಡ್ರಿ.”

ಹೆಡ್‌ಮಾಸ್ಟರರು ಒಂದು ಕರಾರು ಹಾಕಿದರು. ಒಂದು ಸಣ್ಣ ಟೆಸ್ಟಿನಲ್ಲಿ ಹಾಗೆ ಮಾಡಿ ನೋಡುವುದು. ನಡೆದರೆ ವಾರ್ಷಿಕ ಪರೀಕ್ಷೆಯೂ ಹಾಗೆಯೇ, ಹತ್ತನೆಯದೂ ಇಲ್ಲಿಯೇ. ನಡೆಯದಿದ್ದರೆ ಟಿ.ಸಿ.

ಆ ಟೆಸ್ಟು ಕೆಟ್ಟು ಹೋಯಿತು. ಬಸ್ ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಶ್ನೆ ಪತ್ರಿಕೆಯನ್ನು ದೊಡ್ಡದು ಮಾಡಿಸಿದ್ದರು. ಅಕ್ಷರ ದೊಡ್ಡದಾಗಿತ್ತು, ಜೊತೆಗೆ ಮಸುಕೂ ದೊಡ್ಡದಾಗಿತ್ತು. ಭಿನ್ನರಾಶಿಯ ನಡುವಿನ ಗೆರೆ ಎಲ್ಲೋ ಹಾರಿ ಹೋಗಿತ್ತು. ಕಾಗದ ಬೆಂಚಿಗಿಂತ ಅಗಲವಾಗಿ, ತಿರುಗಿಸಿದಾಗಲೆಲ್ಲ ಕೆಳಗೆ ಬೀಳುತ್ತಿತ್ತು. ಪಕ್ಕದ ಹುಡುಗಿಯರು “ಮದಿವಿ ಪತ್ರಿಕಿ ಬಂತಲೇ” ಎಂದು ನಕ್ಕರಂತೆ. ಇವಳು ಅರ್ಧ ಪ್ರಶ್ನೆಗಳನ್ನೂ ಮುಟ್ಟಲಿಲ್ಲ.

ಅಂದು ಮನೆಗೆ ಬಂದು ಚೀಲ ಎಸೆದಳು. “ಬ್ಯಾಡ ಆಯಿ. ಔರಾದಿಗಿ ಹೋಗ್ತೇನಿ.”

“ಹೋಗು. ಬಸ್ಸಿನ ಬೋರ್ಡ್ ಓದ್ಕೊಂಡು ಹತ್ತು.”

ಅವಳಿಗೆ ಸಿಟ್ಟು ಬಂತು, ಅಳು ಬಂತು, ಕೊನೆಗೆ ಹಸಿವೂ ಬಂತು. ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದೆ. ಉಣ್ಣುತ್ತ ಒಂದೊಂದಾಗಿ ಹೇಳಿದಳು, ಎಲ್ಲಿ ಏನು ಕಾಣಲಿಲ್ಲ, ಯಾವ ಅಂಕಿ ಯಾವುದರ ಹಾಗಿತ್ತು ಎಂದು. ಮರುದಿನ ಅದನ್ನೇ ಮೇಡಂ ಮುಂದೆ ಅವಳ ಬಾಯಿಂದಲೇ ಹೇಳಿಸಿದೆ. ನಾನು ಹೇಳಿದ್ದರೆ ಅರ್ಧ ಬಿಟ್ಟು ಹೋಗುತ್ತಿತ್ತು.

ಮೇಡಂ ಕೇಳಿ, “ತಪ್ಪು ನಮ್ದು. ಝೆರಾಕ್ಸ್ ದೊಡ್ಡದು ಮಾಡೋದಲ್ಲ, ಕಂಪ್ಯೂಟರಿನ್ಯಾಗ ಅಕ್ಷರಾನೇ ದೊಡ್ಡದು ಮಾಡಿ ಹೊಸದಾಗಿ ತೆಗೀಬೇಕು,” ಎಂದರು. ಹೆಡ್‌ಮಾಸ್ಟರರ ಹತ್ತಿರ ಹೋಗಿ ಇನ್ನೊಂದು ಟೆಸ್ಟು ಕೇಳಿದ್ದೂ ಅವರೇ. ಹೆಡ್‌ಮಾಸ್ಟರರು ಒಮ್ಮೆಗೇ ಒಪ್ಪಲಿಲ್ಲ. ನಾನು ಅವರ ಕೋಣೆಯ ಹೊರಗೆ ಕೂತೆ. ಅವರು ಊಟಕ್ಕೆ ಎದ್ದಾಗ ನನ್ನನ್ನು ಕಂಡರು, ಊಟ ಮುಗಿಸಿ ಬಂದಾಗಲೂ ಕಂಡರು.

“ರೊಟ್ಟಿ ಯಾರ್ ಬಡೀತಾರ ಅಮ್ಮ ಇವತ್ತ?”

“ಖಾನಾವಳಿಯವ್ರಿಗಿ ಅನ್ನ ಉಣ್ರಿ ಅಂದೀನಿ.”

“ಆಯ್ತು, ಹೋಗ್ರಿ. ಇನ್ನೊಮ್ಮಿ ಮಾಡೋಣ.”

ಈ ಸಲ ಮೇಡಂ ತಾವೇ ಕೂತು ಟೈಪು ಮಾಡಿಸಿದರು. ಒಂದು ಹಾಳೆಗೆ ಎರಡೇ ಪ್ರಶ್ನೆ, ಹಾಳೆ ಮಾಮೂಲಿ ಅಳತೆಯದು, ಅಂಕಿಗಳು ಹೆಬ್ಬೆರಳ ಉಗುರಿನಷ್ಟು ದಪ್ಪ. ಟೆಸ್ಟು ನಡೆಯಿತು. ಪಾಸಾದಳು. ಮೊದಲ ನಂಬರೇನೂ ಬರಲಿಲ್ಲ, ಆದರೆ ಅವಳು ಬಿಡಿಸಿದ ಲೆಕ್ಕಗಳು ಮೇಡಂ ಕೊಟ್ಟ ಲೆಕ್ಕಗಳೇ ಆಗಿದ್ದವು.

ಬೋರ್ಡಿನ ಕೆಲಸ ಅಷ್ಟು ಸುಲಭಕ್ಕೆ ಆಗಲಿಲ್ಲ. ಬರೆಯುವಾಗ ಬಾಯಿಂದ ಹೇಳಿಕೊಳ್ಳುವುದು ಮೇಡಮರಿಗೆ ಮರೆಯುತ್ತಿತ್ತು. ಆಗ ಮೊದಲ ಸಾಲಿನಿಂದ ಇವಳು “ಕಾಣಂಗಿಲ್ರಿ” ಎನ್ನುತ್ತಿದ್ದಳಂತೆ. ಕೆಲವು ದಿನಕ್ಕೆ ಕ್ಲಾಸಿನ ಹುಡುಗಿಯರೆಲ್ಲ ಒಟ್ಟಾಗಿ “ಕಾಣಂಗಿಲ್ರಿ ಮೇಡಂ” ಎಂದು ಕೂಗಲು ಶುರು ಮಾಡಿದರು, ಮದುವೆ ಪತ್ರಿಕೆ ಎಂದು ನಕ್ಕವರೂ ಸೇರಿ. ತಮಾಷೆಗೆ ಕೂಗಿದರೋ ಏನೋ, ಮೇಡಮರಿಗೆ ಮರೆಯುವುದಂತೂ ನಿಂತಿತು.

ವಾರ್ಷಿಕ ಪರೀಕ್ಷೆಯ ಗಣಿತದ ದಿನ ನಾನು ಶಾಲೆಗೆ ಹೋಗಿ ವರಾಂಡದಲ್ಲಿ ಕೂತೆ. ಕೂಡಬೇಕಾದದ್ದೇನೂ ಇರಲಿಲ್ಲ, ಮನೆಯಲ್ಲಿ ಕೈ ಓಡಲಿಲ್ಲ. ಗಂಟೆ ಹೊಡೆಯಿತು. ಎಲ್ಲ ಮಕ್ಕಳೂ ಗದ್ದಲ ಮಾಡುತ್ತ ಹೊರಬಿದ್ದರು. ಕೋಣೆಗೆ ಕೀಲಿ ಹಾಕಲು ಬಂದ ಜವಾನನನ್ನು ಹೆಡ್‌ಮಾಸ್ಟರರು ಕೈ ಅಡ್ಡ ಹಿಡಿದು ನಿಲ್ಲಿಸಿದರು. “ಒಳಗ ಒಬ್ಬಾಕಿ ಬರೀಲತ್ತಾಳ. ಆಕಿ ಟೈಮ್ ಇನ್ನೂ ಅದ. ಹೊರಗಿನ ಮಕ್ಕಳಿಗಿ ಗದ್ಲ ಮಾಡಬ್ಯಾಡ ಅನ್ನು.”

ಆಮೇಲೆ ನನ್ನ ಹತ್ತಿರ ಬಂದು ನಿಂತರು. “ಅಮ್ಮ, ಆ ಸರ್ಟಿಫಿಕೇಟಿನ ಇನ್ನೆರಡು ಝೆರಾಕ್ಸ್ ಕೊಟ್ಟಿರ್ರಿ. ಹತ್ತನೇದಕ್ಕ ದೊಡ್ಡ ಅಕ್ಷರದ ಪೇಪರ್ ಬೇಕಂತ ಪರೀಕ್ಷಾ ಬೋರ್ಡಿಗಿ ಮೊದಲೇ ಕಳಿಸಬೇಕಾಗ್ತದ.”

“ಇನ್ನೂ ರಿಸಲ್ಟ್ ಬಂದಿಲ್ಲಲ್ರಿ ಸರ್.”

“ಬರ್ತದ ತಗೋರಿ,” ಎಂದು ತಮ್ಮ ಕೋಣೆಗೆ ಹೋದರು.

ಹೊರಗೆ ಬಿಸಿಲು ಏರಿತ್ತು. ಕೋಣೆಯೊಳಗೆ ಹಾಳೆ ತಿರುಗಿಸುವ ಸಪ್ಪಳ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಟೈಮು ಮುಗಿದ ಮೇಲೆ ಪೇಪರು ಕೊಟ್ಟು ಬಂದಳು. ಬೆರಳಿಗೆಲ್ಲ ಕರಿ ಶಾಯಿ, ಮೂಗಿನ ಮೇಲೂ ಒಂದು ಗೆರೆ. ಕಾಗದ ಅಷ್ಟು ಹತ್ತಿರ ಹಿಡಿದು ಬರೆಯುತ್ತಾಳೆ.

“ಹ್ಯಾಂಗ ಬರದಿ?”

“ಎಲ್ಲಾ ಬರದೀನಿ. ಕಡೀದು ಒಂದು ಬಿಟ್ಟೀನಿ.”

ಮೇಡಂ ಇಷ್ಟು ದಪ್ಪ ಮಾಡಿ ಕೊಟ್ಟರೂ ಕಣ್ಣು ಇನ್ನೂ ಕಡಿಮೆಯಾಗಿದೆಯೇನೋ ಎನಿಸಿತು. “ಯಾಕ, ಕಾಣ್ಲಿಲ್ಲೇನ?”

“ಛಲೋ ಕಾಣ್ತು ಆಯಿ. ಬರ್ಲಿಲ್ಲ.”

“ಬರ್ಲಿಲ್ಲ ಅಂದ್ರ? ಮೇಡಂ ಹೇಳಿಕೊಟ್ಟಿದ್ದಿಲ್ಲ?”

“ಹೇಳಿಕೊಟ್ಟಿದ್ರು. ನಾನೇ ಓದಿದ್ದಿಲ್ಲ.”

“ಯಾಕ ಓದಿಲ್ಲ? ರಾತ್ರಿ ಪುಸ್ತಕ ಹಿಡ್ಕೊಂಡು ಕೂತಿದ್ದಿ, ಏನ್ ಮಾಡ್ಲತ್ತಿದ್ದಿ?”

“ನಿದ್ದಿ ಬಂದಿತ್ತು.”

ಶಾಲೆಯ ಗೇಟಿನಿಂದ ಮನೆಯ ಬಾಗಿಲತನಕ ಅವಳನ್ನು ಬೈಯುತ್ತಲೇ ಬಂದೆ. ದಾರಿಯಲ್ಲಿ ಸಿಕ್ಕವರೊಬ್ಬರು, ಪಾಪ, ಆ ಹುಡುಗಿಗೆ ಯಾಕೆ ಬೈತೀರಿ ಎಂದರು. “ಓದದಿದ್ರ ಬೈಬ್ಯಾಡೇನ್ರಿ?” ಎಂದೆ. ಮೊಮ್ಮಗಳು ನನ್ನ ಸೆರಗಿನ ತುದಿಯಿಂದ ಮೂಗಿನ ಶಾಯಿ ಒರೆಸಿಕೊಳ್ಳುತ್ತ, ನಗುತ್ತ ಪಕ್ಕದಲ್ಲಿ ನಡೆಯುತ್ತಿದ್ದಳು.